ಚೆಂಡು ಎಲ್ಲಿ ನಿಂತಿತು ಅಂತ ಅವರೇ ಹೇಳಲಿ

ಬೋಚಿಯಾ ತೀವ್ರ ಅಂಗವೈಕಲ್ಯ ಇರುವವರು ಆಡುವ ಚೆಂಡಿನ ಆಟ. ಅದರಲ್ಲಿ ಒಂದು ಎಂಡ್, ಅಂದರೆ ಒಂದು ಸುತ್ತು, ಶುರುವಾದ ಮೇಲೆ ಕೋಚ್ ಬಾಯಿ ಮುಚ್ಚಿಕೊಂಡು ಕೂರಬೇಕು. ಸನ್ನೆ ಮಾಡಿದರೂ ತಪ್ಪು. ಎರಡು ಎಂಡ್‌ಗಳ ನಡುವೆ ಒಂದು ನಿಮಿಷ ಸಿಗುತ್ತದೆ. ಹೇಳುವುದೇನಿದ್ದರೂ ಅಷ್ಟರಲ್ಲಿ ಹೇಳಿ ಮುಗಿಸಬೇಕು. ದೇಹಸ್ಥಿತಿ ನೋಡಿ ಆಟಗಾರರನ್ನು ವರ್ಗಗಳಾಗಿ ವಿಂಗಡಿಸುತ್ತಾರೆ. ಅದರಲ್ಲಿ ಬಿಸಿ3 (BC3) ವರ್ಗದಲ್ಲಿ ಇನ್ನೂ ಕಟ್ಟುನಿಟ್ಟು. ಅಲ್ಲಿನ ಆಟಗಾರರಿಗೆ ಕೈಯಿಂದ ಎಸೆಯಲು ಆಗುವುದಿಲ್ಲ, ಇಳಿಜಾರು ದೋಣಿಯಂಥ ರ‍್ಯಾಂಪ್ ಮೇಲಿಂದ ಚೆಂಡು ಉರುಳಿಸುತ್ತಾರೆ. ರ‍್ಯಾಂಪ್ ಸರಿಸಿಕೊಡುವ ಸಹಾಯಕರು ಕೋರ್ಟ್‌ಗೆ ಬೆನ್ನು ಹಾಕಿ ಕೂರಬೇಕು, ತಿರುಗಿ ನೋಡುವ ಹಾಗಿಲ್ಲ. ನೋಡುವ ಕಣ್ಣು, ಲೆಕ್ಕ ಹಾಕುವ ತಲೆ, ಎರಡೂ ಆಟಗಾರರದೇ.

ಈ ನಿಯಮ ನನಗೆ ತುಂಬಾ ಇಷ್ಟ. ತೀವ್ರ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಗುವಿನ ದಿನದಲ್ಲಿ ಸುತ್ತಲಿನವರೆಲ್ಲ ಸುಮ್ನೆ ಇರುವ ಹೊತ್ತು ಎಷ್ಟು ಸಿಗುತ್ತದೆ ಹೇಳಿ? ಯಾವ ಅಂಗಿ, ಎಷ್ಟು ಅನ್ನ, ಯಾವ ಕಡೆ ತಿರುಗಿ ಮಲಗಬೇಕು, ಎಲ್ಲವನ್ನೂ ಪಕ್ಕದಲ್ಲಿ ನಿಂತವರೇ ತೀರ್ಮಾನ ಮಾಡಿರುತ್ತಾರೆ. ಪ್ರೀತಿಯಿಂದಲೇ ಮಾಡಿರುತ್ತಾರೆ, ಅದು ಬೇರೆ ಮಾತು. ಆದರೆ ಹಾಗೆ ಬೆಳೆದವರನ್ನು ಕೋರ್ಟ್‌ನಲ್ಲಿ ಕೂರಿಸಿ "ಇನ್ನು ನೀನೇ ನೋಡಿಕೋ" ಅಂದರೆ ಅವರು ಏನು ನೋಡಬೇಕು, ಹೇಗೆ ನೋಡಬೇಕು? ಅದನ್ನು ಕಲಿಸಲು ನಾವು ಏನೇನು ಮಾಡಿದೆವು ಅನ್ನುವುದೇ ಈ ಬರಹ.

ನಾನು ಫಿಸಿಯೋಥೆರಪಿಸ್ಟ್. ಮೈಸೂರಿನಲ್ಲಿ ಕೆಲಸ. ವಾರವಿಡೀ ಕ್ಲಿನಿಕ್ಕು, ವಾರದ ಕೊನೆಗೆ ಒಂದು ಶಾಲೆಯವರು ಬಿಟ್ಟುಕೊಟ್ಟ ಹಾಲ್‌ನಲ್ಲಿ ಬೋಚಿಯಾ. ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ಯಾರಾಲಿಂಪಿಕ್ಸ್‌ಗೆ ಇದು ಬಂದದ್ದು 1984ರಲ್ಲಿ. ಗೋಲ್‌ಬಾಲ್ ಬಿಟ್ಟರೆ, ಒಲಿಂಪಿಕ್ಸ್‌ನಲ್ಲಿ ಜೋಡಿ ಇಲ್ಲದ ಪ್ಯಾರಾಲಿಂಪಿಕ್ ಆಟ ಇದೊಂದೇ. ಮೊದಲು ಬಿಳಿ ಚೆಂಡು ಹೋಗುತ್ತದೆ, ಅದಕ್ಕೆ ಜ್ಯಾಕ್ ಅನ್ನುತ್ತಾರೆ. ಒಬ್ಬರಿಗೆ ಆರು ಕೆಂಪು, ಇನ್ನೊಬ್ಬರಿಗೆ ಆರು ನೀಲಿ. ಯಾರದು ಜ್ಯಾಕ್‌ನಿಂದ ದೂರ ಇದೆಯೋ ಅವರೇ ಮುಂದಿನ ಚೆಂಡು ಎಸೆಯಬೇಕು. ಎಲ್ಲ ಮುಗಿದ ಮೇಲೆ, ಎದುರಾಳಿಯ ಅತಿ ಹತ್ತಿರದ ಚೆಂಡಿಗಿಂತ ಒಳಗೆ ನಿಮ್ಮವು ಎಷ್ಟಿವೆಯೋ ಅಷ್ಟು ಅಂಕ. ಸಿಂಗಲ್ಸ್‌ನಲ್ಲಿ ಹೀಗೆ ನಾಲ್ಕು ಎಂಡ್. ಚಿಕ್ಕಂದಿನಲ್ಲಿ ಗೋಲಿ ಆಡಿದವರಿಗೆ ಈ ಆಟದ ಚಟ ಹತ್ತಲು ಜಾಸ್ತಿ ಹೊತ್ತು ಬೇಡ.

ಕೋರ್ಟ್ 12.5 ಮೀಟರ್ ಉದ್ದ, 6 ಮೀಟರ್ ಅಗಲ. ಶಟಲ್ ಕೋರ್ಟ್ 13.4 ಮೀಟರ್ ಉದ್ದ, 6.1 ಅಗಲ. ಹಾಗಾಗಿ ಶಟಲ್ ಕೋರ್ಟ್ ಇರುವ ಹಾಲ್ ಸಿಕ್ಕರೆ ಸಾಕು, ಒಳಗೆ ಟೇಪ್ ಅಂಟಿಸಿಕೊಂಡರೆ ಆಯಿತು. ಚೆಂಡಿನ ತೂಕ 275 ಗ್ರಾಂ, 12 ಗ್ರಾಂ ಆಚೀಚೆ ಇರಬಹುದು. ಸುತ್ತಳತೆ 270 ಮಿಲಿಮೀಟರ್. ನಿಜವಾದ ಸೆಟ್ ದುಬಾರಿ. ಹೊಸಬರಿಗೆ ನಾವು ಬಟ್ಟೆ ಚೀಲಕ್ಕೆ ರಾಗಿ ತುಂಬಿ ಹೊಲಿಯುತ್ತೇವೆ. ಅಷ್ಟು ಗಾತ್ರಕ್ಕೆ ಗಟ್ಟಿಯಾಗಿ ರಾಗಿ ತುಂಬಿದರೆ ತೂಕ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ದಿನಸಿ ಅಂಗಡಿಯವರ ತಕ್ಕಡಿಯಲ್ಲಿ ತೂಗಿಸಿಕೊಂಡು ಬರುತ್ತೇವೆ. ರಾಗಿ ಚೆಂಡು ಉರುಳುವುದು ಕಡಿಮೆ, ಬಿದ್ದಲ್ಲೇ ಕೂರುತ್ತದೆ. ಮೊದಮೊದಲು ಅದೇ ಒಳ್ಳೆಯದು. ಒಂದೇ ತೊಂದರೆ ಇಲಿ. ರ‍್ಯಾಂಪ್‌ಗೆ ನಾಲ್ಕು ಇಂಚಿನ ಪಿವಿಸಿ ಪೈಪ್ ಉದ್ದುದ್ದಕ್ಕೆ ಸೀಳಿಸಿದರೆ ಅಭ್ಯಾಸಕ್ಕೆ ನಡೆಯುತ್ತದೆ.

ಇಲ್ಲಿ ಮೂವರ ಬಗ್ಗೆ ಹೇಳುತ್ತೇನೆ, ಹೆಸರು ಬೇಡ. ಮೊದಲನೆಯವಳು ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿ, ಬಿಸಿ3. ಕೈಕಾಲು ನಾಲ್ಕೂ ಬಿಗಿ, ಮಾತು ಹೊರಡುವುದಿಲ್ಲ. ಹಣೆಗೆ ಕಟ್ಟಿದ ಕಡ್ಡಿಯಿಂದ ರ‍್ಯಾಂಪ್ ಮೇಲಿನ ಚೆಂಡನ್ನು ಬಿಡುತ್ತಾಳೆ. ಮಾತಿಗೆ ಅಕ್ಷರದ ಹಲಗೆ, ಕಣ್ಣಿನಲ್ಲೇ ಅಕ್ಷರ ತೋರಿಸುತ್ತಾಳೆ. ಅವಳ ಅಮ್ಮನೇ ರ‍್ಯಾಂಪ್ ಸಹಾಯಕಿ. ಎರಡನೆಯವನು ಬಿಸಿ2 ಹುಡುಗ. ಅವನಿಗೂ ಸೆರೆಬ್ರಲ್ ಪಾಲ್ಸಿಯೇ, ಆದರೆ ಬಿಗಿತವಲ್ಲ. ಕೈ ತಾನಾಗಿಯೇ ಓಡಾಡುತ್ತದೆ. ಎಸೆಯುವುದು ಅದೇ ಕೈಯಿಂದ. ಮೂರನೆಯವರು ನನಗಿಂತ ಹಿರಿಯರು, ಲೆಕ್ಕಪತ್ರದ ಕೆಲಸ ಮಾಡಿದವರು. ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯುಗಳು ಸೊರಗುವ ಕಾಯಿಲೆ. ಮೆದುಳಿನ ತೊಂದರೆ ಅಲ್ಲದ ಇಂಥವರು ಬಿಸಿ4 ವರ್ಗಕ್ಕೆ ಬರುತ್ತಾರೆ.

ಶುರುವಿನಲ್ಲಿ ಮೂವರಲ್ಲೂ ಒಂದು ಅಭ್ಯಾಸ ಕಂಡೆ. ಚೆಂಡು ಕೈ ಬಿಟ್ಟ ತಕ್ಷಣ ಅವರು ಚೆಂಡನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ನಾನು ನಕ್ಕರೆ ಒಳ್ಳೆಯ ಎಸೆತ, ಹುಬ್ಬು ಗಂಟಿಕ್ಕಿದರೆ ಕೆಟ್ಟದ್ದು. ಗೋಡೆ ಪಕ್ಕದ ಬೆಂಚಿನಿಂದ ಅಪ್ಪ ಅಮ್ಮಂದಿರ ಚಪ್ಪಾಳೆ ಬೇರೆ. ಚೆಂಡು ಜ್ಯಾಕ್‌ಗೆ ಮುತ್ತಿಟ್ಟರೂ "ಸೂಪರ್", ಕೋರ್ಟ್ ಬಿಟ್ಟು ಆಚೆ ಹೋದರೂ "ಸೂಪರ್". ಬೇರೆ ಮಕ್ಕಳು ಔಟಾದರೆ ಬೈಸಿಕೊಳ್ಳುತ್ತಾರೆ. ಇವರಿಗೆ ಆ ಭಾಗ್ಯವೂ ಇಲ್ಲ. ಅಂಥ ಸೂಪರ್‌ನಿಂದ ಏನೂ ಕಲಿಯಲು ಆಗುವುದಿಲ್ಲ. ಅದಕ್ಕೇ ಹಾಲ್‌ನೊಳಗೆ ಆ ಮಾತನ್ನು ನಿಲ್ಲಿಸಿದೆವು. ಕೆಲವು ತಾಯಂದಿರು ಸ್ವಲ್ಪ ದಿನ ಮುಖ ಊದಿಸಿಕೊಂಡರು.

ದಾರಿ ಸಿಕ್ಕಿದ್ದು ರೈಫಲ್ ಶೂಟಿಂಗ್‌ನಿಂದ. ನನ್ನ ಗೆಳೆಯನೊಬ್ಬ ಏರ್ ರೈಫಲ್ ಹಿಡಿಯುತ್ತಾನೆ. ಶೂಟರ್‌ಗಳಲ್ಲಿ ಒಂದು ರೂಢಿ ಇದೆ. ಗುಂಡು ಹಾರಿದ ಮೇಲೆ ಮಾನಿಟರ್ ನೋಡುವ ಮುಂಚೆಯೇ "ಹತ್ತು, ಬಲಕ್ಕೆ, ಸ್ವಲ್ಪ ಕೆಳಗೆ" ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾರೆ. ಆಮೇಲೆ ಪರದೆ ನೋಡುತ್ತಾರೆ. ಹೇಳಿದ್ದು, ಕಂಡದ್ದು ಎರಡೂ ಹೊಂದಿದರೆ ದೇಹ ಹೇಳುವುದು ಅವರಿಗೆ ಕೇಳುತ್ತಿದೆ ಅಂತ ಅರ್ಥ. ಹೊಂದದಿದ್ದರೆ ಎಲ್ಲೋ ಗಮನ ತಪ್ಪಿದೆ. ಪ್ಯಾರಾ ಶೂಟಿಂಗ್‌ನಲ್ಲೂ ಇದೇ ಆಟ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಆಡಿದ ಎಸ್‌ಎಚ್2 ವರ್ಗದಲ್ಲಿ ರೈಫಲ್ಲಿನ ಭಾರ ಹೊರಲಾಗದವರಿಗೆ ಸ್ಟ್ಯಾಂಡ್ ಇರುತ್ತದೆ. ಭಾರ ಸ್ಟ್ಯಾಂಡ್ ಹೊರುತ್ತದೆ, ಗುರಿ ಮಾತ್ರ ಅವರದೇ. ಅವನಿ ಲೇಖರಾ ಟೋಕಿಯೋದಲ್ಲಿ 249.6, ಪ್ಯಾರಿಸ್‌ನಲ್ಲಿ 249.7 ಅಂಕ ಹೊಡೆದು ಎರಡೂ ಸಲ ಚಿನ್ನ ಗೆದ್ದರಲ್ಲ, ಆ ಮಟ್ಟದಲ್ಲಿ ಆಟ ನಿಂತಿರುವುದೇ ದಶಾಂಶದ ಮೇಲೆ. ಕಣ್ಣು ಕಾಣದವರ ಶೂಟಿಂಗ್‌ನಲ್ಲಂತೂ ಗುರಿಯ ನಡುವಿಗೆ ಹತ್ತಿರವಾದಷ್ಟೂ ಕಿವಿಯಲ್ಲಿ ಕೇಳುವ ಸದ್ದಿನ ಸ್ಥಾಯಿ ಏರುತ್ತದೆ.

ನಮಗೆ ಮಾನಿಟರ್ ಇಲ್ಲ, ಸದ್ದೂ ಇಲ್ಲ. ಇರುವುದು ನೆಲ ಮತ್ತು ಚೆಂಡು. ಎಲ್ಲಿ ಹೋಗುತ್ತಿದೆ ಅಂತ ಕಣ್ಣೆದುರೇ ಕಾಣುತ್ತಿರುವಾಗ "ಊಹಿಸು" ಅಂದರೆ ಯಾರು ಊಹಿಸುತ್ತಾರೆ?

ಅದಕ್ಕೆ ಒಂದು ಹಳೇ ಸೀರೆ ತಂದೆವು. ಶಟಲ್ ಕಂಬಗಳಿಗೆ ಹಗ್ಗ ಕಟ್ಟಿ, ಸೀರೆ ಇಳಿಬಿಟ್ಟು, ಕೆಳಗೆ ಚೆಂಡು ನುಸುಳುವಷ್ಟು ಜಾಗ ಬಿಟ್ಟೆವು. ಜ್ಯಾಕ್ ಸೀರೆಯ ಆಚೆ. ಮೊದಲು ಸೀರೆ ಸರಿಸಿ ಜ್ಯಾಕ್ ಎಲ್ಲಿದೆ ಅಂತ ತೋರಿಸುತ್ತೇವೆ. ಆಮೇಲೆ ಮುಚ್ಚುತ್ತೇವೆ. ಆಟಗಾರ ಎಸೆಯುತ್ತಾನೆ. ಚೆಂಡು ಸೀರೆಯ ಕೆಳಗೆ ಮಾಯವಾಗುತ್ತದೆ. ಈಗ ಹೇಳಬೇಕು: ಎಡವೋ ಬಲವೋ, ಮುಂದೋ ಹಿಂದೋ, ಎಷ್ಟು ದೂರ. ಹೇಳಿದ ಮೇಲೆ ಸೀರೆ ಸರಿಯುತ್ತದೆ.

"ಎಷ್ಟು ದೂರ" ಅನ್ನುವುದಕ್ಕೆ ಸೆಂಟಿಮೀಟರ್ ಬಳಸಲು ಹೋದರೆ ಅರ್ಧ ಜನರಿಗೆ ಕೈಗೆ ಬರಲಿಲ್ಲ. ಶಾಲೆಯ ಮುಖ ನೋಡದವರೂ ನಮ್ಮಲ್ಲಿದ್ದಾರೆ. ಬೆರಳು, ಗೇಣು, ಮೊಳ ಅಂದರೆ ಎಲ್ಲರಿಗೂ ತಿಳಿಯಿತು. ಆದರೆ ಯಾರ ಗೇಣು? ಕೈಯನ್ನೇ ಬಿಡಿಸಲಾಗದ ಹುಡುಗಿಗೆ ಗೇಣು ಹಾಕು ಅನ್ನಲು ಆಗುವುದಿಲ್ಲ. ಒಂದು ಬಿದಿರು ಕೋಲಿಗೆ ಬಣ್ಣ ಬಳಿದೆವು. ಕೆಂಪು ಪಟ್ಟೆ ನಾಲ್ಕು ಬೆರಳು, ಹಳದಿಯ ಕೊನೆಗೆ ಗೇಣು, ಕೋಲಿನ ತುದಿಗೆ ಮೊಳ. ಮೊಳಕ್ಕಿಂತ ಆಚೆ ಇದ್ದರೆ "ದೂರ" ಅಷ್ಟೇ, ಅಳೆಯುವ ಗೋಜಿಲ್ಲ. ಅಳೆಯುವುದೂ ಆಟಗಾರರ ಕಣ್ಣೆದುರೇ. ಪಂದ್ಯದಲ್ಲಿ ರೆಫರಿ ಟೇಪ್, ಕ್ಯಾಲಿಪರ್ ಹಿಡಿದು ಬಗ್ಗಿ ಅಳೆಯುತ್ತಾರೆ. ಮೊದಲ ಸಲ ಅದನ್ನು ಕಂಡರೆ ಎದೆ ಡವಡವ ಅನ್ನುತ್ತದೆ. ಇಲ್ಲೇ ರೂಢಿಯಾದರೆ ಒಳ್ಳೆಯದಲ್ವಾ?

ಸೀರೆ ಕಟ್ಟಿದ ಮೇಲೆ ಹಾಲ್‌ನ ಗಾಳಿಯೇ ಬದಲಾಯಿತು. ನನ್ನ ಮುಖ ನೋಡಿ ಉಪಯೋಗವಿಲ್ಲ, ಏಕೆಂದರೆ ಕೋರ್ಟಿನ ಈಚೆ ನಿಂತ ನನಗೂ ಚೆಂಡು ಕಾಣುವುದಿಲ್ಲ. ಸದ್ದು ಕೇಳಿಸಿಕೊಳ್ಳಲು ಶುರು ಮಾಡಿದರು. ಚೆಂಡು ಚೆಂಡಿಗೆ ತಾಗಿದ "ಟಪ್", ನೆಲದಲ್ಲಿ ಉರುಳಿ ನಿಲ್ಲುವ ಮೊದಲಿನ ಮೆತ್ತನೆ ಸದ್ದು. ಎಡ ಬಲ ಬೇಗ ಬಂತು. ಮುಂದೆ ಹಿಂದೆ ನಿಧಾನ. ಇದು ಎಲ್ಲರಿಗೂ ಹಾಗೇ. ದಿಕ್ಕು ಕಣ್ಣಿಗೆ ಕಾಣುತ್ತದೆ, ದೂರವನ್ನು ಅಂದಾಜು ಮಾಡಬೇಕು.

ನಾನು ಅಂದುಕೊಂಡಿದ್ದಕ್ಕೆ ತಿರುಗಾಮುರುಗಾ, ಹೇಳುವುದರಲ್ಲಿ ಎಲ್ಲರಿಗಿಂತ ಚುರುಕಾದದ್ದು ಮಾತೇ ಹೊರಡದ ಹುಡುಗಿ. ಈಗ ಯೋಚಿಸಿದರೆ ಆಶ್ಚರ್ಯವಿಲ್ಲ. ಹುಟ್ಟಿದಾಗಿನಿಂದ ಅವಳು ಮಾಡಿದ್ದೇ ಅದು, ಒಂದೇ ಕಡೆ ಕೂತು ನೋಡುವುದು. ಅವಳ ಹಲಗೆಯ ಹಿಂಬದಿಗೆ ಬೋಚಿಯಾಗೆಂದೇ ಒಂದು ಪುಟ ಮಾಡಿಸಿದೆವು. ಎಡಕ್ಕೆ ಎಡ, ಬಲಕ್ಕೆ ಬಲ, ಮೇಲೆ "ಉದ್ದ", ಕೆಳಗೆ "ಕುಳ್ಳ", ನಡುವೆ ಬೆರಳು, ಗೇಣು, ಮೊಳ. ಮೈಸೂರಿನವರಿಗೆ ಈ ಹಲಗೆ ಹೊಸದಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬಂದ ಮನೆಗಳಲ್ಲಿ ಇಂಥದ್ದು ಇದ್ದೇ ಇರುತ್ತದೆ. ಆದರೆ ಅವುಗಳಲ್ಲಿ ಹೆಚ್ಚಾಗಿ ಇರುವುದು ನೀರು, ಊಟ, ನೋವು, ಟಾಯ್ಲೆಟ್. "ಕುಳ್ಳ ಆಯ್ತು" ಅಂತ ಹೇಳುವ ಅಗತ್ಯ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ.

ರ‍್ಯಾಂಪ್ ಆಟದಲ್ಲಿ ಒಂದು ಅನುಕೂಲ ಇದೆ. ಅಲ್ಲಿ ಎರಡು ತಪ್ಪುಗಳು ಬೇರೆ ಬೇರೆಯಾಗಿಯೇ ಇರುತ್ತವೆ. ಚೆಂಡು ಎಡಕ್ಕೋ ಬಲಕ್ಕೋ ಹೋದರೆ ರ‍್ಯಾಂಪ್ ತಿರುಗಿಸಿದ ದಿಕ್ಕು ತಪ್ಪಿದೆ. ಉದ್ದವೋ ಕುಳ್ಳವೋ ಆದರೆ ಚೆಂಡು ಬಿಟ್ಟ ಎತ್ತರ ತಪ್ಪಿದೆ. ಹಾಗಾಗಿ ಅವಳ ಹಾಳೆಯಲ್ಲಿ ನಾಲ್ಕೇ ಮನೆ: ಎತ್ತರದ ಗುರುತು, ನಾನು ಏನಂದೆ, ನಿಜ ಏನು, ಮುಂದಿನದಕ್ಕೆ ಏನು ಬದಲಿಸುತ್ತೇನೆ. ಕೊನೆಯ ಮನೆ ಖಾಲಿ ಬಿಡುವ ಹಾಗಿಲ್ಲ. "ಏನೂ ಬದಲಿಸಲ್ಲ" ಅಂತಾದರೂ ಬರೆಯಬೇಕು. ಬರೆಯುವುದು ಒಬ್ಬ ಕಾಲೇಜು ಹುಡುಗ, ಹೇಳುವುದು ಅವಳು. ಅವಳು ಹೇಳಿದ್ದಕ್ಕೆ ಒಂದಕ್ಷರ ಸೇರಿಸುವ ಹಾಗಿಲ್ಲ ಅಂತ ಅವನಿಗೆ ಮೊದಲೇ ತಾಕೀತು.

ಆ ಹಾಳೆ ಒಂದು ವಿಚಿತ್ರ ತೋರಿಸಿತು. ಕೆಲವು ಎಸೆತಗಳಲ್ಲಿ ಅವಳು "ಎಡ, ಗೇಣು" ಅಂದಿದ್ದಳು, ಸೀರೆ ಸರಿಸಿದರೆ ಚೆಂಡು ನೆಟ್ಟಗೆ ಹೋಗಿತ್ತು. ಎತ್ತರದ ಅಂದಾಜು ಸರಿ, ದಿಕ್ಕಿನದು ಮಾತ್ರ ತಪ್ಪು. ಅದೂ ಯಾವಾಗಲೂ ಒಳ್ಳೆಯ ಕಡೆಗೇ ತಪ್ಪು! ದಿಕ್ಕು ಚೆನ್ನಾಗಿ ಗೊತ್ತಿರುವ ಹುಡುಗಿಗೆ ಹೀಗೇಕೆ? ನಾನು ಪಕ್ಕಕ್ಕೆ ಹೋಗಿ ಕೂತು ನೋಡಿದೆ. ರ‍್ಯಾಂಪ್ ಎಲ್ಲಿ ನಿಲ್ಲಬೇಕು ಅಂತ ಹುಡುಗಿ ಕಣ್ಣಿನಲ್ಲಿ ಹೇಳಿದ ಮೇಲೆ, ಅಮ್ಮ ಚೆಂಡು ಇಡುವಾಗ ಹೆಬ್ಬೆರಳಿನಿಂದ ರ‍್ಯಾಂಪಿನ ಅಂಚನ್ನು ಒಂದು ಕೂದಲೆಳೆಯಷ್ಟು ಒತ್ತುತ್ತಿದ್ದರು. ಎಸೆತಕ್ಕೆ ಮುಂಚೆ ಜ್ಯಾಕ್ ಇರುವ ಜಾಗ ನೋಡಿಕೊಂಡಿದ್ದು ಅವರಿಗೆ ನೆನಪಿರುತ್ತಿತ್ತು. ಕೇಳಿದರೆ "ನಾನೆಲ್ಲಿ ಮುಟ್ಟಿದೆ?" ಅಂದರು. ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇಷ್ಟು ವರ್ಷ ಮಗಳ ತಲೆ, ಕೈ, ಕಾಲು, ದಿಂಬು ಎಲ್ಲವನ್ನೂ ಚೂರುಚೂರು ಸರಿ ಮಾಡುತ್ತಲೇ ಬಂದ ಕೈ ಅದು.

ಹುಡುಗಿ ಹಾಳೆ ಓದಿಸಿಕೊಂಡಳು. ಆಮೇಲೆ ಹಲಗೆ ಕೇಳಿದಳು. ಒಂದೊಂದೇ ಅಕ್ಷರ ನೋಡುತ್ತಾ ಹೋದಳು. "ಅಮ್ಮ ಮುಟ್ಟಬೇಡ." ಹಾಲ್‌ನಲ್ಲಿ ಎಲ್ಲರೂ ನಕ್ಕರು, ಅಮ್ಮ ಸೇರಿ. ಆದರೆ ಮುಂದಿನ ವಾರ ಅಮ್ಮ ಬಂದಾಗ ಬಲಗೈಯ ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದರು. ಗಾಯವೇನಿಲ್ಲ, ನೆನಪಿಗೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪಂದ್ಯದಲ್ಲಿ ಒಂದೊಂದು ಎಸೆತ ಆದ ಮೇಲೂ ರ‍್ಯಾಂಪನ್ನು ಎಡಕ್ಕೂ ಬಲಕ್ಕೂ ಎದ್ದು ಕಾಣುವಂತೆ ತಿರುಗಿಸಿ, ಮತ್ತೆ ಹೊಸದಾಗಿ ಗುರಿ ಇಡಬೇಕು. ಹಳೆಯ ಗುರಿಯನ್ನೇ ಹಾಗೇ ಉಳಿಸಿಕೊಳ್ಳುವ ಹಾಗಿಲ್ಲ. ಗುರಿ ಹಿಡಿಯಲು ಸೈಟ್, ಲೇಸರ್ ಯಾವುದೂ ಇರಕೂಡದು. ಹಾಗಾಗಿ "ಹೋದ ಸಲ ಸರಿಯಾಯಿತು, ಅದನ್ನೇ ಇಡು" ಅನ್ನಲು ಬರುವುದಿಲ್ಲ. ಪ್ರತಿ ಸಲವೂ ಆಟಗಾರ್ತಿ ಹೊಸದಾಗಿ ನೋಡಬೇಕು.

ಬಿಸಿ2 ಹುಡುಗನ ಕಥೆ ಬೇರೆ. ಅವನಿಗೆ ಚೆಂಡು ಎಲ್ಲಿ ಬಿತ್ತು ಅನ್ನುವುದಕ್ಕಿಂತ ಕೈ ಏನು ಮಾಡಿತು ಅನ್ನುವುದೇ ದೊಡ್ಡದು. ಕೆಟ್ಟ ಎಸೆತ ಬಿದ್ದಾಗಲೆಲ್ಲ ಅವನ ಉತ್ತರ ಒಂದೇ: "ಕೈ ಸರಿ ಇಲ್ಲ ಸಾರ್." ಮಾತು ನಿಜ. ಆದರೆ ಅಲ್ಲಿಗೇ ನಿಂತರೆ ಕಲಿಯಲು ಏನೂ ಉಳಿಯುವುದಿಲ್ಲ. 1997ರಲ್ಲಿ ಅಮೆರಿಕದ ಜಿಮ್ಮರ್‌ಮನ್ ಮತ್ತು ಕಿಟ್ಸಾಂಟಾಸ್ ಎಂಬ ಸಂಶೋಧಕರು ಹೈಸ್ಕೂಲ್ ಹುಡುಗಿಯರ ಕೈಗೆ ಡಾರ್ಟ್ ಕೊಟ್ಟು ಒಂದು ಅಧ್ಯಯನ ಮಾಡಿದ್ದರು. ಕೆಲವರು ಅಂಕದ ಮೇಲೆ ಕಣ್ಣಿಟ್ಟರು, ಕೆಲವರು ಎಸೆಯುವ ಕ್ರಮದ ಮೇಲೆ. ಮೊದಲು ಕ್ರಮ, ಅದು ಕೈಗೆ ಹತ್ತಿದ ಮೇಲೆ ಅಂಕ ಅಂತ ಹೋದವರು ಎಲ್ಲರಿಗಿಂತ ಚೆನ್ನಾಗಿ ಎಸೆದರು. ತಮ್ಮ ಎಸೆತವನ್ನು ತಾವೇ ಗುರುತು ಹಾಕಿಕೊಂಡವರಿಗೂ ಲಾಭವಾಯಿತು. ತಪ್ಪಿದ್ದಕ್ಕೆ "ನನಗೆ ಬರಲ್ಲ" ಅನ್ನದೆ "ಹೀಗೆ ಎಸೆದೆ, ಅದಕ್ಕೆ ತಪ್ಪಿತು" ಅಂದವರಲ್ಲಿ ಹುಮ್ಮಸ್ಸೂ ಉಳಿದಿತ್ತು. ಅವರು ವಿಕಲಚೇತನರಲ್ಲ, ಆಟವೂ ಬೇರೆ. ಆದರೂ ಇದು ನಮ್ಮ ಹುಡುಗನಿಗೇ ಹೇಳಿಸಿದ ಹಾಗಿತ್ತು.

ಅವನಿಗೆ ಪೆನ್ನು ಹಿಡಿಯಲು ಆಗುವುದಿಲ್ಲ. ಕೇರಂ ಕಾಯಿ ಕೊಟ್ಟೆವು. ಎಸೆದ ಮೇಲೆ, ಚೆಂಡು ನಿಲ್ಲುವ ಮೊದಲೇ, ಒಂದು ಕಾಯಿ ತಳ್ಳಬೇಕು. ಅಂದುಕೊಂಡ ಹಾಗೆ ಬಿಟ್ಟಿದ್ದರೆ ಬಿಳಿ, ಇಲ್ಲದಿದ್ದರೆ ಕಪ್ಪು. ಚೆಂಡು ಎಲ್ಲಿ ಹೋಯಿತು ಅನ್ನುವುದು ಇದಕ್ಕೆ ಸಂಬಂಧವೇ ಇಲ್ಲ. ಮೊದಮೊದಲು ಚೆಂಡಿನ ಗತಿ ನೋಡಿ ಕಾಯಿ ತಳ್ಳುತ್ತಿದ್ದ, ಕಳ್ಳ. ಬರಬರುತ್ತಾ ನೇರವಾದ. ಒಂದು ದಿನ ಚೆಂಡು ಹೋಗಿ ಜ್ಯಾಕ್‌ಗೆ ಅಂಟಿ ನಿಂತಿತು. ಅವನು ಆಗಲೇ ಕಪ್ಪು ತಳ್ಳಿಯಾಗಿತ್ತು. ಬೆಂಚಿನವರು ಎದ್ದು ಕುಣಿಯುತ್ತಿದ್ದರೆ ಇವನು "ಲಕ್ಕು ಸಾರ್, ಲಕ್ಕು" ಅಂತ ಕೈಯಾಡಿಸಿದ. ನನಗೆ ಅವತ್ತು ಆದ ಖುಷಿ ಅವನು ಪಂದ್ಯ ಗೆದ್ದಾಗಲೂ ಆಗಲಿಲ್ಲ.

ಕಪ್ಪು ಕಾಯಿಗಳು ಗುಂಪುಗುಂಪಾಗಿ ಬರುತ್ತಿದ್ದವು. ಅವಸರ ಮಾಡಿದಾಗ, ಯಾರಾದರೂ ಹೆಸರು ಕೂಗಿದಾಗ, ಎದುರಾಳಿ ಚೆನ್ನಾಗಿ ಎಸೆದ ಬೆನ್ನಿಗೆ. ಈ ಬಗೆಯ ಸೆರೆಬ್ರಲ್ ಪಾಲ್ಸಿಯಲ್ಲಿ ಅದು ಇರುವುದೇ ಹಾಗೆ. ಉದ್ವೇಗ ಹೆಚ್ಚಿದಷ್ಟೂ, ಬಲ ಹಾಕಿದಷ್ಟೂ ಕೈ ಓಡಾಟ ಜಾಸ್ತಿ. ಪುಸ್ತಕ ಓದಿದ ನನಗೆ ಅದು ಗೊತ್ತಿತ್ತು. ಆದರೆ ಓಡಾಟಕ್ಕೂ ಏರಿಳಿತ ಇದೆ, ಏರಿದ್ದು ಇಳಿಯುತ್ತದೆ, ಇಳಿಯುವಾಗ ಬಿಟ್ಟರೆ ಚೆಂಡು ಹೇಳಿದ ಮಾತು ಕೇಳುತ್ತದೆ ಅನ್ನುವುದನ್ನು ಕಂಡುಕೊಂಡವನು ಅವನೇ. ಈಗ ಅವನು ಕೈ ಹಿಂದಕ್ಕೆ ಒಯ್ದು ಕಾಯುತ್ತಾನೆ. ನೋಡುವವರಿಗೆ ಯಾಕಿನ್ನೂ ಎಸೆಯಲಿಲ್ಲ ಅನ್ನಿಸುತ್ತದೆ. ಆಟದಲ್ಲಿ ಗಡಿಯಾರ ಓಡುತ್ತಿರುತ್ತದೆ, ಹಾಗಾಗಿ ಎಷ್ಟು ಕಾಯಬಹುದು ಅನ್ನುವುದು ಅವನ ಇನ್ನೊಂದು ಲೆಕ್ಕ. "ಕೈ ಸರಿ ಇಲ್ಲ" ಹೋಗಿ "ಬೇಗ ಬಿಟ್ಟೆ" ಬಂದಿದೆ.

ಹಿರಿಯರಿಗೆ ಬರೆಯುವುದನ್ನು ಕಲಿಸಬೇಕಾಗಿರಲಿಲ್ಲ, ಕಡಿಮೆ ಮಾಡಿಸಬೇಕಿತ್ತು. ಭುಜ, ಮೊಣಕೈ, ಉಸಿರು, ಚೆಂಡಿನ ಮೆದುತನ, ಹಾಲ್‌ನ ಸೆಕೆ, ಬೆಳಗಿನ ತಿಂಡಿ, ಎಲ್ಲಕ್ಕೂ ಒಂದೊಂದು ಕಾಲಂ. ಫೋನಿನಲ್ಲಿ ವಿಡಿಯೋ ಬೇರೆ. ಎಸೆಯುವ ಹೊತ್ತಿಗೆ ತಲೆಯಲ್ಲಿ ಅಷ್ಟೂ ಕಾಲಂ ತುಂಬಿಕೊಂಡು ಕೈ ಮರಗಟ್ಟುತ್ತಿತ್ತು. ಒಂದು ದಿನಕ್ಕೆ ಒಂದೇ ವಿಷಯ ಅಂತ ಒಪ್ಪಂದ ಮಾಡಿಕೊಂಡೆವು. ಅದು ಸುಲಭದ ಭಾಗ.

ಕಷ್ಟದ್ದು ಬೇರೆ ಇತ್ತು. ಅವರ ಕಾಯಿಲೆ ನಿಂತಲ್ಲಿ ನಿಲ್ಲುವುದಲ್ಲ, ವರ್ಷ ಕಳೆದಂತೆ ಸ್ನಾಯುಗಳ ಶಕ್ತಿ ಇಳಿಯುತ್ತಲೇ ಹೋಗುತ್ತದೆ. ಶ್ರದ್ಧೆಯಿಂದ ಬರೆದಿಟ್ಟವರ ಪುಸ್ತಕದಲ್ಲಿ ಅದು ಎಲ್ಲರಿಗಿಂತ ಮೊದಲು ಕಾಣುತ್ತದೆ. ದೂರದ ಎಸೆತಗಳು ಮೊದಲು ಮೊಳದೊಳಗೆ ಇದ್ದವು, ಆಮೇಲೆ ಮೊಳ ದಾಟಿದವು, ಆಮೇಲೆ ಅಲ್ಲಿಯವರೆಗೆ ಮುಟ್ಟಲೇ ಇಲ್ಲ. ಒಂದು ಸಂಜೆ ಪುಸ್ತಕ ಮುಂದಿಟ್ಟು "ಇದನ್ನೇನು ಮಾಡೋಣ ಹೇಳಿ" ಅಂದರು. ಸಿಟ್ಟಿಲ್ಲ, ಅಳು ಇಲ್ಲ. ಲೆಕ್ಕದವರ ದನಿ. ನಿಮ್ಮನ್ನು ನೀವೇ ಗಮನಿಸಿಕೊಳ್ಳಿ ಅಂತ ಉತ್ಸಾಹದಿಂದ ಹೇಳುವ ತರಬೇತುದಾರರು ಈ ಪ್ರಶ್ನೆಯನ್ನು ಮೊದಲೇ ಯೋಚಿಸಿಟ್ಟುಕೊಂಡಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಎಲ್ಲ ಹಾಳೆಗಳೂ ಮೇಲಕ್ಕೆ ಹೋಗುವುದಿಲ್ಲ.

ನಾವು ಮಾಡಿದ್ದು ಅಳೆಯುವ ವಸ್ತುವನ್ನೇ ಬದಲಿಸಿದ್ದು. ಈಗ ಅವರು ದೂರ ಬರೆಯುವುದಿಲ್ಲ, ತೀರ್ಮಾನ ಬರೆಯುತ್ತಾರೆ. ಎಸೆಯುವ ಮೊದಲು: ಹತ್ತಿರ ಕೂರಿಸಬೇಕೋ, ಎದುರಾಳಿಯ ಚೆಂಡನ್ನು ತಳ್ಳಬೇಕೋ, ದಾರಿಗೆ ಅಡ್ಡ ಇಡಬೇಕೋ. ಅದಕ್ಕೆ ಮೆದು ಚೆಂಡೋ, ಗಟ್ಟಿಯದೋ. ಎಸೆದ ಮೇಲೆ: ಯೋಚನೆ ಸರಿ ಇತ್ತೇ? ಚೆಂಡು ಹೋಗದಿದ್ದರೂ ಯೋಚನೆ ಸರಿ ಇದ್ದರೆ ಸರಿ ಅಂತಲೇ ಗುರುತು. ಕೈ ಎಷ್ಟು ಇಳಿದರೂ ಆ ಕಾಲಂ ಇಳಿದಿಲ್ಲ, ಏರುತ್ತಿದೆ. ಜ್ಯಾಕ್ ಎಸೆಯುವ ಸರದಿ ಬಂದರೆ ಹತ್ತಿರಕ್ಕೇ ಹಾಕುತ್ತಾರೆ, ಜ್ಯಾಕ್ ದಾಟಲೇಬೇಕಾದ ವಿ ಆಕಾರದ ಗೆರೆ ದಾಟಿದರೆ ಸಾಕು. ದೂರ ಎಸೆದು ರೂಢಿಯಾದ ಹುಡುಗರು ಅಲ್ಲಿ ಒದ್ದಾಡುತ್ತಾರೆ.

ಇನ್ನು ನನ್ನ ಬಾಯಿ. ಮೊದಲು ಪ್ರತಿ ಎಸೆತಕ್ಕೂ ಏನಾದರೂ ಹೇಳುತ್ತಿದ್ದೆ. ಆಮೇಲೆ ಆರು ಚೆಂಡು ಮುಗಿದ ಮೇಲೆ. ಈಗ ಕೇಳಿದರೆ ಮಾತ್ರ. ಯಾವಾಗ ಸಲಹೆ ಬೇಕು ಅಂತ ಕಲಿಯುವವರೇ ಆರಿಸಿಕೊಂಡರೆ ಚೆನ್ನಾಗಿ ಕಲಿಯುತ್ತಾರೆ ಅಂತ ಕೆಲವು ಸಂಶೋಧನೆಗಳೂ ಹೇಳುತ್ತವೆ. ಆದರೆ ಬಾಯಿ ಕಟ್ಟಿ ಕೂರುವುದು ಎಷ್ಟು ಹಿಂಸೆ ಅಂತ ಅವು ಹೇಳುವುದಿಲ್ಲ! ಹಾಳೆಗಳನ್ನು ಮನೆಗೆ ಕಳಿಸುವುದೂ ನಡೆಯಲಿಲ್ಲ. ಅಪ್ಪ ಅಮ್ಮಂದಿರು ಅವನ್ನು ಮಾರ್ಕ್ಸ್ ಕಾರ್ಡ್ ಮಾಡಿಕೊಂಡು ಒಬ್ಬರಿಗೊಬ್ಬರು ಹೋಲಿಸತೊಡಗಿದರು. ಈಗ ಹಾಳೆ ಆಟಗಾರರ ಸ್ವಂತ ಆಸ್ತಿ. ತೋರಿಸಬೇಕೋ ಬೇಡವೋ ಅವರಿಷ್ಟ.

ಇದೆಲ್ಲ ಕೆಲಸಕ್ಕೆ ಬಂತೇ ಅಂತ ಗೊತ್ತಾಗಿದ್ದು ಬೇರೆ ಊರಿನ ಒಂದು ಪಂದ್ಯದಲ್ಲಿ. ನಮ್ಮ ಹಾಲ್‌ನದು ಒರಟು ನೆಲ. ಅಲ್ಲಿ ನುಣುಪು ಗ್ರಾನೈಟ್. ಇಲ್ಲಿನ ಎತ್ತರದ ಗುರುತು ಅಲ್ಲಿ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಪಂದ್ಯಕ್ಕೆ ಮುಂಚೆ ವಾರ್ಮ್‌ಅಪ್‌ಗೆ ಸಿಗುವುದು ಎರಡೇ ನಿಮಿಷ. ಬೇರೆಯವರು ಜ್ಯಾಕ್ ಇಟ್ಟು ಅದಕ್ಕೆ ಗುರಿ ಹಿಡಿಯುತ್ತಿದ್ದರು. ನಮ್ಮ ಹುಡುಗಿ ಜ್ಯಾಕ್ ಬೇಡ ಅಂದಳು. ತನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಎತ್ತರದಿಂದ ಚೆಂಡು ಬಿಟ್ಟಳು. ಊರಿನಲ್ಲಿ ನಡು ಕೋರ್ಟಿನ ಅಡ್ಡಗುರುತಿನ ಹತ್ತಿರ ನಿಲ್ಲುವ ಚೆಂಡು ಇಲ್ಲಿ ಜಾರಿಕೊಂಡು ತುಂಬಾ ಆಚೆ ಹೋಯಿತು. ಮತ್ತೆ ಅದೇ ಎತ್ತರ, ಮತ್ತೆ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಆಮೇಲೆ ಎರಡು ಗುರುತು ಕೆಳಗಿನಿಂದ. ನಾನು ಪಕ್ಕದಲ್ಲೇ ಇದ್ದೆ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮ ಕೋರ್ಟಿಗೆ ಬೆನ್ನು ಹಾಕಿ, ಮಗಳ ಕಣ್ಣನ್ನೇ ನೋಡುತ್ತಾ, ಅವಳು ಹೇಳಿದ ಗುರುತಿಗೆ ಚೆಂಡು ಇಡುತ್ತಿದ್ದರು.

ಮೊದಲ ಎಂಡ್ ಸೋತಳು. ಮೂರು ಚೆಂಡು ಉದ್ದ ಹೋದವು. ನಡುವಿನ ಒಂದು ನಿಮಿಷದಲ್ಲಿ ನಾನು ಹತ್ತಿರ ಹೋದೆ. ಅವಳು ಹಲಗೆಯಲ್ಲಿ "ಉದ್ದ" ನೋಡಿದಳು, ಆಮೇಲೆ "ಗೊತ್ತು" ಅಂದಳು. ಅಷ್ಟೇ. ನಾನು ವಾಪಸ್ ಬಂದು ಕೂತೆ. ಮುಂದಿನ ಎಂಡ್‌ನಿಂದ ಎತ್ತರ ಇನ್ನೂ ಇಳಿಯಿತು, ಚೆಂಡುಗಳು ಗೇಣಿನೊಳಗೆ ಬರತೊಡಗಿದವು. ಆ ಪಂದ್ಯ ಗೆದ್ದಳು, ಮುಂದಿನದರಲ್ಲಿ ಅನುಭವಸ್ಥರೊಬ್ಬರ ಎದುರು ಚೆನ್ನಾಗಿಯೇ ಸೋತಳು. ಸೋತ ಪಂದ್ಯದ ಹಾಳೆ ತುಂಬಿಸಿದ ಮೇಲೆಯೇ ಊಟಕ್ಕೆ ಒಪ್ಪಿದ್ದು.

ಹಿಂದಿನ ಹಾಳೆಗಳನ್ನೆಲ್ಲ ಕಾಲೇಜು ಹುಡುಗನಿಂದ ಓದಿಸಿಕೊಂಡು ಅವಳೇ ಇನ್ನೊಂದು ವಿಷಯ ಹೆಕ್ಕಿದ್ದಾಳೆ. ತೀರಾ ಹತ್ತಿರದ ಗುರಿಗೆ ಅವಳ ಚೆಂಡು ಜಾಸ್ತಿ ತಪ್ಪುತ್ತದೆ. ಕಡಿಮೆ ಎತ್ತರದಿಂದ ಬಿಟ್ಟ ಚೆಂಡು ನಿಧಾನಕ್ಕೆ ಉರುಳುತ್ತದೆ, ನೆಲದ ಸಣ್ಣ ಓರೆಕೋರೆಗೂ ದಿಕ್ಕು ಬದಲಿಸುತ್ತದೆ. ಹಾಗಾಗಿ ಜ್ಯಾಕ್ ಅವಳ ಕೈಗೆ ಬಂದರೆ ದೂರಕ್ಕೇ ಕಳಿಸುತ್ತಾಳೆ. ಹಿರಿಯರದು ಸರಿಯಾಗಿ ಇದರ ತದ್ವಿರುದ್ಧ. ಇಬ್ಬರೂ ಅಭ್ಯಾಸಕ್ಕೆ ಎದುರುಬದುರು ಕೂತರೆ ಜ್ಯಾಕ್ ಒಂದು ಎಂಡ್‌ನಲ್ಲಿ ಮೂಗಿನ ಕೆಳಗೆ, ಇನ್ನೊಂದರಲ್ಲಿ ಗೋಡೆ ಹತ್ತಿರ.

ಈಚೆಗೆ ಅವಳ ಹಾಳೆಯಲ್ಲಿ ಐದನೆಯ ಮನೆ ಸೇರಿದೆ: ಎದುರಾಳಿ. ಹಾಲ್‌ಗೆ ಹೊಸದಾಗಿ ಇನ್ನೊಬ್ಬ ಬಿಸಿ3 ಹುಡುಗ ಬರುತ್ತಿದ್ದಾನೆ, ಅವನು ಎಲ್ಲಿ ತಪ್ಪುತ್ತಾನೆ ಅಂತ ಬರೆಸುತ್ತಿದ್ದಾಳೆ. ಏನು ಬರೆಸಿದ್ದೀಯಾ ಅಂತ ಕೇಳಿದೆ. ತೋರಿಸಲಿಲ್ಲ. ಹಲಗೆಯಲ್ಲಿ ನಿಧಾನಕ್ಕೆ ಕಾರಣ ಹೇಳಿದಳು: "ನೀವು ಅವನಿಗೂ ಕೋಚ್."